ಎಚ್‌ಐವಿ ಪರೀಕ್ಷೆಗೆ ಹೆಂಡತಿ ಮೊದಲು, ಗಂಡ ಕೊನೆಗೆ: ಹೆಣ್ಣು-ಗಂಡೆಂಬ ಕಟ್ಟುಪಾಡು ಚಿಕಿತ್ಸೆಗೆ ಹೇಗೆ ಅಡ್ಡಿಯಾಗುತ್ತಿದೆ?

ಗರ್ಭಿಣಿಯಾದ ಸೊಸೆಗೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಆಗುತ್ತದೆ. ಆಕೆಯ ಗಂಡನಿಗೆ ಅದೇ ಪರೀಕ್ಷೆ ಆಗುವುದು ಎಷ್ಟೋ ಸಲ ಆತ ಕ್ಷಯ ಹಿಡಿದು ಹಾಸಿಗೆ ಸೇರಿದ ಮೇಲೆ. ಒಂದೇ ಮನೆ, ಒಂದೇ ಸೋಂಕು. ಆದರೆ ಆಸ್ಪತ್ರೆಗೆ ಹೋಗುವ ದಾರಿ ಬೇರೆ, ಹೋಗುವ ಸಮಯವೂ ಬೇರೆ. ಈ ಅಂತರದಲ್ಲಿ ಹೆಂಡತಿಗೆ ಕಳಂಕ ಅಂಟುತ್ತದೆ, ಗಂಡನ ಆಯುಷ್ಯ ಕಡಿಮೆಯಾಗುತ್ತದೆ.

ಭಾರತದಲ್ಲಿ ಎಚ್‌ಐವಿಗೆ ಪರೀಕ್ಷೆಯೂ ಉಚಿತ, ಔಷಧವೂ ಉಚಿತ. ಹಾಗಿದ್ದರೂ ಜನ ತಡವಾಗಿ ಬರುವುದೇಕೆ, ಅರ್ಧಕ್ಕೆ ಚಿಕಿತ್ಸೆ ಬಿಡುವುದೇಕೆ? ಮಹಾರಾಷ್ಟ್ರದ ವೈಜಾಪುರದಿಂದ ನಮ್ಮ ಬಾಗಲಕೋಟೆಯವರೆಗೆ ಈ ಪ್ರಶ್ನೆಗೆ ಸಿಗುವ ಉತ್ತರದ ದೊಡ್ಡ ಭಾಗ, ಹೆಣ್ಣು ಹೇಗಿರಬೇಕು, ಗಂಡು ಹೇಗಿರಬೇಕು ಎಂಬ ಸಮಾಜದ ಕಟ್ಟುಪಾಡುಗಳಲ್ಲಿದೆ. ಈ ಕುರಿತ ವಿವರ ಇಲ್ಲಿದೆ.

ಅಂಕಿಅಂಶ ಏನು ಹೇಳುತ್ತದೆ?

ದೇಶದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅದನ್ನು ಗುರುತಿಸಿದರು. 1992ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಆರಂಭವಾಯಿತು. 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಔಷಧ ವಿತರಣೆ ಶುರುವಾಯಿತು.

2023ರ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 25.4 ಲಕ್ಷ ಎಚ್‌ಐವಿ ಸೋಂಕಿತರಿದ್ದಾರೆ. ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ 0.20. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ ಮೊದಲ ಸ್ಥಾನದಲ್ಲಿದ್ದು, ಆಂಧ್ರಪ್ರದೇಶ ಮತ್ತು ಕರ್ನಾಟಕ ನಂತರದ ಸ್ಥಾನಗಳಲ್ಲಿವೆ. ಒಟ್ಟು ಸೋಂಕಿತರಲ್ಲಿ ಮಹಿಳೆಯರ ಪಾಲು ಶೇ 44ರ ಆಸುಪಾಸು.

ಚಿಕಿತ್ಸೆಯ ವಿಷಯಕ್ಕೆ ಬಂದರೆ ಗಂಡಸರೇ ಹಿಂದೆ ಬಿದ್ದಿದ್ದಾರೆ. ವಿಶ್ವಸಂಸ್ಥೆಯ ಏಡ್ಸ್ ವಿಭಾಗವಾದ ಯುಎನ್‌ಏಡ್ಸ್ ಲೆಕ್ಕದಂತೆ, 2023ರಲ್ಲಿ ಜಗತ್ತಿನಾದ್ಯಂತ ಸೋಂಕಿತ ವಯಸ್ಕ ಮಹಿಳೆಯರಲ್ಲಿ ಶೇ 83ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿದೆ. ಗಂಡಸರಲ್ಲಿ ಇದು ಶೇ 72 ಮಾತ್ರ. ಪುರುಷರನ್ನು ಆರೋಗ್ಯ ವ್ಯವಸ್ಥೆ ತಲುಪಲಾಗದಿರುವುದನ್ನು ಯುಎನ್‌ಏಡ್ಸ್ 2017ರಲ್ಲೇ ಪ್ರತ್ಯೇಕ ವರದಿಯಲ್ಲಿ ಎತ್ತಿ ತೋರಿಸಿತ್ತು.

ಅರಿವಿನ ವಿಷಯದಲ್ಲಿ ಚಿತ್ರ ತಿರುಗುಮುರುಗು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 21.6, ಪುರುಷರಲ್ಲಿ ಶೇ 30.7ರಷ್ಟು ಮಂದಿಗೆ ಮಾತ್ರ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇತ್ತು. ಅಂದರೆ ಹೆಚ್ಚು ತಿಳಿದವರು ಪರೀಕ್ಷೆಗೆ ಬರುತ್ತಿಲ್ಲ, ಪರೀಕ್ಷೆಗೆ ಒಳಗಾಗುವವರಿಗೆ ಅದು ಏನೆಂದೇ ಸರಿಯಾಗಿ ಗೊತ್ತಿಲ್ಲ.

ಹೆಣ್ಣಿಗೆ ಬಸಿರು, ಗಂಡಿಗೆ ಕಾಯಿಲೆ: ಎರಡು ಬಾಗಿಲುಗಳು

ಸರ್ಕಾರಿ ವ್ಯವಸ್ಥೆಯಲ್ಲಿ ಪ್ರತಿ ಗರ್ಭಿಣಿಗೂ ಎಚ್‌ಐವಿ ಪರೀಕ್ಷೆ ಮಾಡಲಾಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ರಕ್ತದ ಗುಂಪು, ಹಿಮೋಗ್ಲೋಬಿನ್, ಸಿಫಿಲಿಸ್ ಜತೆಗೆ ಇದೂ ಸೇರಿರುತ್ತದೆ. ಮಗುವಿಗೆ ಸೋಂಕು ದಾಟದಂತೆ ತಡೆಯಲು ಇದು ಅತ್ಯಗತ್ಯ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಸರಿಯಾದ ಚಿಕಿತ್ಸೆ ಸಿಕ್ಕರೆ ಅದನ್ನು ಶೇ 5ಕ್ಕಿಂತ ಕೆಳಗೆ ಇಳಿಸಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಗಂಡಸಿಗೆ ಇಂತಹ ಬಾಗಿಲೇ ಇಲ್ಲ. ಆರೋಗ್ಯವಾಗಿರುವ 30ರ ಯುವಕನನ್ನು ಯಾವ ಆಸ್ಪತ್ರೆಯೂ ಕರೆದು ಪರೀಕ್ಷೆ ಮಾಡುವುದಿಲ್ಲ. ಕ್ಷಯ ರೋಗ ಪತ್ತೆಯಾದಾಗ, ಲೈಂಗಿಕ ಕಾಯಿಲೆಗೆಂದು ಸುರಕ್ಷಾ ಕ್ಲಿನಿಕ್‌ಗೆ ಹೋದಾಗ ಅಥವಾ ಹೆಂಡತಿಯ ವರದಿ ಪಾಸಿಟಿವ್ ಬಂದಾಗ ಮಾತ್ರ ಆತನ ಸರದಿ.

ಇದರ ಪರಿಣಾಮ ಎರಡು. ಮನೆಯಲ್ಲಿ ಮೊದಲು ಪರೀಕ್ಷೆಯಾದವಳೇ ರೋಗ ತಂದವಳು ಎಂಬ ತೀರ್ಪು ಬರುತ್ತದೆ. ಗಂಡ ಎಆರ್‌ಟಿ ಕೇಂದ್ರಕ್ಕೆ ಬರುವಷ್ಟರಲ್ಲಿ ರೋಗನಿರೋಧಕ ಶಕ್ತಿಯ ಅಳತೆಯಾದ ಸಿಡಿ4 ಕಣಗಳ ಸಂಖ್ಯೆ ಪಾತಾಳಕ್ಕೆ ಇಳಿದಿರುತ್ತದೆ.

ಇಲ್ಲಿ ನೆನಪಿಡಬೇಕಾದ ಒಂದು ವೈದ್ಯಕೀಯ ಸತ್ಯವಿದೆ. ಸಾಮಾನ್ಯ ಎಚ್‌ಐವಿ ಪರೀಕ್ಷೆಯಿಂದ ದೇಹದಲ್ಲಿ ಸೋಂಕು ಇದೆಯೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ. ಸೋಂಕು ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಅದು ಹೇಳಲಾರದು. ಮೊದಲು ಗೊತ್ತಾದವರಿಗೇ ಮೊದಲು ಬಂದಿದೆ ಎನ್ನಲು ಯಾವ ಆಧಾರವೂ ಇಲ್ಲ.

‘ಗಂಡನ ಬಿಟ್ಟರೆ ಬೇರೆ ಯಾರೂ ಇಲ್ಲ’ ಎಂದವರಲ್ಲೂ ಸೋಂಕು

ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿತು. ನಗರದ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ಬಂದ ಮಹಿಳೆಯರಲ್ಲಿ, ಲೈಂಗಿಕ ವೃತ್ತಿಯಲ್ಲಿ ಇಲ್ಲದವರನ್ನು ಪ್ರತ್ಯೇಕವಾಗಿ ನೋಡಿದಾಗ ಶೇ 13.6ರಷ್ಟು ಮಂದಿಗೆ ಎಚ್‌ಐವಿ ಇತ್ತು. ಅವರಲ್ಲಿ ಬಹುತೇಕರಿಗೆ ಗಂಡನ ಹೊರತು ಬೇರೆ ಸಂಬಂಧವೇ ಇರಲಿಲ್ಲ.

ಅಲ್ಲಿಯವರೆಗೆ ಎಚ್‌ಐವಿ ತಡೆಯ ಸಂದೇಶ ‘ನಿಷ್ಠೆಯಿಂದಿರಿ’ ಎಂಬುದಾಗಿತ್ತು. ಈ ಮಹಿಳೆಯರು ನಿಷ್ಠೆಯಿಂದಲೇ ಇದ್ದರು. ಗಂಡನಿಗೆ ಕಾಂಡೋಮ್ ಬಳಸು ಎಂದು ಹೇಳುವ ಅಧಿಕಾರ ಅವರಿಗಿರಲಿಲ್ಲ. ಹಾಗೆ ಹೇಳಿದರೆ ‘ನಿನಗೆ ಇದೆಲ್ಲ ಹೇಗೆ ಗೊತ್ತು?’ ಎಂಬ ಅನುಮಾನ ಅವರ ಮೇಲೆಯೇ ತಿರುಗುತ್ತಿತ್ತು. ದೈಹಿಕವಾಗಿಯೂ ಸಂಪರ್ಕದಲ್ಲಿ ಗಂಡಿನಿಂದ ಹೆಣ್ಣಿಗೆ ಸೋಂಕು ದಾಟುವ ಸಾಧ್ಯತೆ ಹೆಚ್ಚು.

ತಮಿಳುನಾಡಿನ ಪಿ. ಕೌಸಲ್ಯಾ ಅವರಿಗೆ ಸೋಂಕು ಬಂದದ್ದು ಹಿರಿಯರು ನಿಶ್ಚಯಿಸಿದ ಮದುವೆಯಿಂದ. ತಮಗೆ ಎಚ್‌ಐವಿ ಇದೆ ಎಂದು ದೇಶದಲ್ಲಿ ಬಹಿರಂಗವಾಗಿ ಹೇಳಿಕೊಂಡ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. 1998ರಲ್ಲಿ ಅವರು ಸೋಂಕಿತ ಮಹಿಳೆಯರದ್ದೇ ಆದ ‘ಪಾಸಿಟಿವ್ ವಿಮೆನ್ ನೆಟ್‌ವರ್ಕ್’ ಕಟ್ಟಿದರು.

ವೈಜಾಪುರದಿಂದ ಬೆಳಗಾವಿಗೆ: ವಲಸೆ ಬದುಕಿನ ಮಾತ್ರೆ ಲೆಕ್ಕ

ವೈಜಾಪುರ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪಶ್ಚಿಮ ತುದಿಯ ತಾಲ್ಲೂಕು. ಒಂದು ಕಡೆ ನಾಶಿಕ್, ಇನ್ನೊಂದು ಕಡೆ ಅಹಿಲ್ಯಾನಗರ ಜಿಲ್ಲೆಯ ಗಡಿ. ನಮ್ಮ ಕಲ್ಯಾಣ ಕರ್ನಾಟಕದಂತೆ ಇದೂ ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ಮರಾಠವಾಡದ ಭಾಗ. ಈಗ ನಾಗ್ಪುರ-ಮುಂಬೈ ಸಮೃದ್ಧಿ ಹೆದ್ದಾರಿ ಈ ತಾಲ್ಲೂಕನ್ನು ಹಾದು ಹೋಗುತ್ತದೆ.

ಮರಾಠವಾಡ ಮಳೆ ಕಡಿಮೆ ಇರುವ ಸೀಮೆ. ದಸರೆ-ದೀಪಾವಳಿ ಕಳೆಯುತ್ತಿದ್ದಂತೆ ಬೀಡ್ ಮತ್ತು ಸುತ್ತಲಿನ ಜಿಲ್ಲೆಗಳ ಜನ ಗಂಡ-ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ. ಪಶ್ಚಿಮ ಮಹಾರಾಷ್ಟ್ರಕ್ಕಷ್ಟೇ ಅಲ್ಲ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳ ಹೊಲಗಳಿಗೂ ಈ ಕಟಾವು ಗ್ಯಾಂಗ್‌ಗಳು ಬರುತ್ತವೆ. ಮುಕಾದಮನಿಂದ ಮುಂಗಡ ಹಣ ಪಡೆದ ಜೋಡಿ ಸಾಲ ತೀರುವವರೆಗೆ ಕೆಲಸ ಬಿಡುವಂತಿಲ್ಲ. ಒಂದು ದಿನ ರಜೆ ಎಂದರೆ ಇಬ್ಬರ ಕೂಲಿಯೂ ಖೋತಾ.

ಎಆರ್‌ಟಿ ಮಾತ್ರೆಯನ್ನು ಪ್ರತಿದಿನ, ಜೀವನಪೂರ್ತಿ ನುಂಗಬೇಕು. ಅದಕ್ಕೆ ನಿಗದಿತ ದಿನ ಕೇಂದ್ರಕ್ಕೆ ಹೋಗಿ ಬಾಟಲಿ ತರಬೇಕು. ವೈಜಾಪುರದಂತಹ ಊರಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಜಿಲ್ಲಾ ಕೇಂದ್ರದ ಸರ್ಕಾರಿ ವೈದ್ಯಕೀಯ ಕಾಲೇಜು, ಜನರ ಬಾಯಲ್ಲಿ ‘ಘಾಟಿ’. ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿ ಐದಾರು ತಿಂಗಳು ಇರುವ ಹೆಂಗಸು ಅಲ್ಲಿಗೆ ಒಬ್ಬಳೇ ಹೇಗೆ ಹೋದಾಳು? ಗ್ಯಾಂಗ್‌ನವರಿಗೆ ಏನು ಕಾರಣ ಹೇಳಿಯಾಳು? ಗಂಡಸಿನ ಕಷ್ಟವೂ ಇದೇ: ಕಾಯಿಲೆಯವನೆಂದು ಗೊತ್ತಾದರೆ ಮುಂದಿನ ವರ್ಷ ಮುಂಗಡ ಸಿಗಲಿಕ್ಕಿಲ್ಲ ಎಂಬ ಭಯ.

ಇದಕ್ಕೆ ಪರಿಹಾರ ವ್ಯವಸ್ಥೆಯೊಳಗೇ ಇದೆ. ಸೋಂಕಿತರು ತಮ್ಮ ಎಆರ್‌ಟಿ ಕೇಂದ್ರದಲ್ಲಿ ಮುಂಚಿತವಾಗಿ ತಿಳಿಸಿದರೆ, ಹೋಗುವ ಊರಿನ ಹತ್ತಿರದ ಕೇಂದ್ರಕ್ಕೆ ವರ್ಗಾವಣೆ ಪಡೆಯಬಹುದು. ಬೇರೆ ರಾಜ್ಯಕ್ಕೂ ಇದು ಸಾಧ್ಯ. ಆದರೆ ಅದನ್ನು ಕೇಳಲು ಧೈರ್ಯ ಬೇಕು, ಕೇಳಬಹುದೆಂದು ಗೊತ್ತಿರಬೇಕು.

ಚೊಚ್ಚಲ ಹೆರಿಗೆ ತವರಲ್ಲಿ, ದಾಖಲೆ ಗಂಡನ ಊರಲ್ಲಿ

ಮೊದಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು ನಮ್ಮಲ್ಲೂ ಮಹಾರಾಷ್ಟ್ರದಲ್ಲೂ ಇರುವ ಪದ್ಧತಿ. ಎಚ್‌ಐವಿ ಚಿಕಿತ್ಸೆಯ ದೃಷ್ಟಿಯಿಂದ ಇದು ಸೂಕ್ಷ್ಮ ಘಟ್ಟ. ಪರೀಕ್ಷೆ ಆದದ್ದು ಗಂಡನ ಊರಿನ ಆರೋಗ್ಯ ಕೇಂದ್ರದಲ್ಲಿ, ಹೆರಿಗೆ ಇನ್ನೊಂದು ಜಿಲ್ಲೆಯಲ್ಲಿ. ತವರಿನವರಿಗೆ ವಿಷಯ ತಿಳಿಸದೆ ಮಾತ್ರೆ ನುಂಗುವುದು, ಹೆರಿಗೆ ವಾರ್ಡ್‌ನಲ್ಲಿ ಹೇಳುವುದೋ ಬೇಡವೋ ಎಂಬ ತೊಳಲಾಟ ಆಕೆಯೊಬ್ಬಳದ್ದೇ.

ಹುಟ್ಟಿದ ಮಗುವಿಗೆ ನೆವಿರಾಪಿನ್‌ನಂತಹ ಸಿರಪ್ ಕೊಡಬೇಕು, ಆರನೇ ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು, 18 ತಿಂಗಳಿಗೆ ಅಂತಿಮವಾಗಿ ಖಚಿತಪಡಿಸಿಕೊಳ್ಳಬೇಕು. ಬಾಣಂತನದಲ್ಲಿ ಮನೆಯಿಂದ ಹೊರಗೆ ಕಾಲಿಡಬಾರದೆಂಬ ಕಟ್ಟಳೆ ಇರುವ ಮನೆಯಲ್ಲಿ ಆರನೇ ವಾರದ ಪರೀಕ್ಷೆ ಸುಲಭವಾಗಿ ತಪ್ಪಿಹೋಗುತ್ತದೆ. 2014ರಿಂದ ದೇಶದಲ್ಲಿ ಸೋಂಕಿತ ಗರ್ಭಿಣಿಯರಿಗೆ ಸಿಡಿ4 ಎಷ್ಟೇ ಇರಲಿ, ಜೀವನಪೂರ್ತಿ ಎಆರ್‌ಟಿ ಕೊಡುವ ನೀತಿ ಜಾರಿಯಲ್ಲಿದೆ. ಮಗು ಹುಟ್ಟಿತಲ್ಲ, ಇನ್ನು ಮಾತ್ರೆ ಯಾಕೆ ಎಂದು ನಿಲ್ಲಿಸುವುದು ತಾಯಿಯ ಜೀವಕ್ಕೇ ಅಪಾಯ.

ಬಾಗಲಕೋಟೆ ಕಲಿಸಿದ ಪಾಠ

ಕರ್ನಾಟಕದಲ್ಲಿ ಎಚ್‌ಐವಿ ಹೊಡೆತ ಹೆಚ್ಚು ಬಿದ್ದದ್ದು ಬಾಗಲಕೋಟೆ, ಬೆಳಗಾವಿ, ವಿಜಯಪುರದಂತಹ ಉತ್ತರದ ಜಿಲ್ಲೆಗಳಿಗೆ. 2007ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲೇ ಸೋಂಕಿನ ಪ್ರಮಾಣ ಶೇ 2.9 ಇತ್ತು. ಇದು ನಗರಗಳ ಕಾಯಿಲೆ ಎಂಬ ನಂಬಿಕೆಯನ್ನು ಆ ಸಮೀಕ್ಷೆ ಸುಳ್ಳು ಮಾಡಿತು.

ಈ ಭಾಗದಲ್ಲಿ ದೇವದಾಸಿ ಪದ್ಧತಿಯ ನೆರಳು ದಟ್ಟವಾಗಿತ್ತು. 1982ರಲ್ಲೇ ಕರ್ನಾಟಕ ಇದನ್ನು ನಿಷೇಧಿಸುವ ಕಾನೂನು ಮಾಡಿದರೂ, ನಂತರದ ಸರ್ಕಾರಿ ಸಮೀಕ್ಷೆಗಳಲ್ಲಿ 46 ಸಾವಿರಕ್ಕೂ ಹೆಚ್ಚು ಮಾಜಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಹಲವರು ಗಡಿ ದಾಟಿ ಸಾಂಗ್ಲಿ, ಪುಣೆ, ಮುಂಬೈ ಸೇರಿದ್ದರು. ಸಾಂಗ್ಲಿಯಲ್ಲಿ ಮೀನಾ ಶೇಷು 1992ರಲ್ಲಿ ಆರಂಭಿಸಿದ ‘ಸಂಗ್ರಾಮ್’ ಸಂಸ್ಥೆ, ಅದರ ಒಡಲಲ್ಲಿ ಹುಟ್ಟಿದ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ನಲ್ಲಿ ಕನ್ನಡ ಮಾತನಾಡುವ ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಈ ಸಂಘಟನೆಯ ಕೆಲಸ ನಿಪ್ಪಾಣಿಯವರೆಗೂ ಹರಡಿತು.

ಇಲ್ಲಿ ಕಂಡುಬಂದ ಒಂದು ಸಂಗತಿ ಗಮನಾರ್ಹ. ಲೈಂಗಿಕ ವೃತ್ತಿಯ ಮಹಿಳೆಯರು ಸಂಘಟಿತರಾದಾಗ ಗಿರಾಕಿಗಳ ಜತೆ ಕಾಂಡೋಮ್ ಬಳಕೆ ಏರಿತು. ಆದರೆ ತಾವು ಗಂಡನೆಂದೇ ಭಾವಿಸಿದ ಕಾಯಂ ಸಂಗಾತಿಯ ಜತೆ ಅಷ್ಟು ಏರಲಿಲ್ಲ. ಗಿರಾಕಿಗೆ ‘ಬೇಡ’ ಎನ್ನಬಲ್ಲ ಮಹಿಳೆಗೆ, ಪ್ರೀತಿಸಿದವನಿಗೆ ಹಾಗೆನ್ನುವುದು ಅಪನಂಬಿಕೆಯಂತೆ ಕಂಡಿತು. ಎದುರಾಡಿದರೆ ಹೊಡೆತದ ಭಯವೂ ಇತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಬಾಗಲಕೋಟೆಯ ಹಳ್ಳಿಗಳಲ್ಲಿ ‘ಸಂವೇದನಾ ಪ್ಲಸ್’ ಹೆಸರಿನಲ್ಲಿ ಈ ಸಂಬಂಧಗಳೊಳಗಿನ ಹಿಂಸೆಯನ್ನೇ ಗುರಿಯಾಗಿಸಿ, ಸಂಗಾತಿ ಗಂಡಸರನ್ನೂ ಕೂರಿಸಿಕೊಂಡು ಕೆಲಸ ಮಾಡಲು ಇದೇ ಕಾರಣ.

‘ಗಂಡಸಿಗೆ ಏನಾಗುತ್ತೆ?’ ಎಂಬ ಧೈರ್ಯದ ಬೆಲೆ

ನೋವು ತೋರಿಸಬಾರದು, ದುಡಿಮೆ ಬಿಟ್ಟು ಆಸ್ಪತ್ರೆಯಲ್ಲಿ ಕೂರಬಾರದು ಎಂಬ ಪಾಠ ಗಂಡು ಮಕ್ಕಳಿಗೆ ಚಿಕ್ಕಂದಿನಿಂದಲೇ ಸಿಗುತ್ತದೆ. ಎಆರ್‌ಟಿ ಕೇಂದ್ರದ ಕೆಲಸದ ಹೊತ್ತು ಕೂಲಿಯವನ, ಚಾಲಕನ ದುಡಿಮೆಯ ಹೊತ್ತೂ ಹೌದು. ಆರೋಗ್ಯ ಕೇಂದ್ರ ಎಂದರೆ ಬಸುರಿ-ಬಾಣಂತಿಯರ ಜಾಗ ಎಂಬ ಭಾವನೆಯೂ ಹಳ್ಳಿಗಳಲ್ಲಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಮಾತನಾಡುವುದು ಹೆಂಗಸರ ಜತೆ.

ಹೆಂಡತಿಯ ವರದಿ ನೆಗೆಟಿವ್ ಬಂದಿದೆ, ಹಾಗಾಗಿ ನನಗೂ ಇಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಇದು ತಪ್ಪು. ದಂಪತಿಯಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ವರ್ಷಗಟ್ಟಲೆ ಇಲ್ಲದಿರುವುದು ಸಾಮಾನ್ಯ. ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದೊಂದೇ ದಾರಿ.

ಕುಡಿತ ಇನ್ನೊಂದು ಅಡ್ಡಿ. ಕುಡಿದ ದಿನ ಮಾತ್ರೆ ನುಂಗಬಾರದು ಎಂದು ಭಾವಿಸಿ ಡೋಸ್ ಬಿಡುವವರಿದ್ದಾರೆ. ಡೋಸ್ ತಪ್ಪಿದಷ್ಟೂ ವೈರಸ್ ಔಷಧಕ್ಕೆ ಬಗ್ಗದಂತಾಗುವ ಅಪಾಯ ಹೆಚ್ಚುತ್ತದೆ.

ಗಂಡು-ಹೆಣ್ಣಿನ ಚೌಕಟ್ಟಿನ ಹೊರಗಿರುವವರು

ಕಟ್ಟುಪಾಡಿನ ಭಾರ ಹೆಚ್ಚು ಬೀಳುವುದು ಅದಕ್ಕೆ ಒಗ್ಗದವರ ಮೇಲೆ. 2021ರ ರಾಷ್ಟ್ರೀಯ ಕಣ್ಗಾವಲು ಸಮೀಕ್ಷೆಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಲ್ಲಿ ಎಚ್‌ಐವಿ ಪ್ರಮಾಣ ಶೇ 3.78, ಪುರುಷರೊಂದಿಗೆ ಸಂಬಂಧವಿರುವ ಪುರುಷರಲ್ಲಿ ಶೇ 3.26 ಇತ್ತು. ಚೀಟಿ ಮಾಡಿಸುವಲ್ಲಿ ಗಂಡಸರ ಸಾಲೋ ಹೆಂಗಸರ ಸಾಲೋ ಎಂಬಲ್ಲಿಂದಲೇ ಇವರ ಕಷ್ಟ ಶುರು. ಮನೆಯವರ ಒತ್ತಾಯಕ್ಕೆ ಮದುವೆಯಾದ ಪುರುಷರಂತೂ ಸಮಾಲೋಚಕರ ಮುಂದೆಯೂ ನಿಜ ಹೇಳಲು ಹೆದರುತ್ತಾರೆ.

2014ರ ನಾಲ್ಸಾ ತೀರ್ಪು ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಕಲಂ ಅನ್ನು ಸಡಿಲಿಸಿ, ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು.

ಮಾತ್ರೆ ಬಾಟಲಿ ಎಲ್ಲಿಡುವುದು?

ಚಿಕಿತ್ಸೆ ಆರಂಭಿಸಿದ ಮೇಲೂ ಮನೆಯ ಲೆಕ್ಕಾಚಾರ ಮುಗಿಯುವುದಿಲ್ಲ. ಎಆರ್‌ಟಿಯ ಹಸಿರು ಪುಸ್ತಕ ಮತ್ತು ಬಾಟಲಿಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ ಇಡಬೇಕಾದ ಸ್ಥಿತಿ ಅನೇಕ ಮಹಿಳೆಯರದ್ದು. ನೆಂಟರು ಬಂದ ದಿನ ಮಾತ್ರೆ ತಪ್ಪುತ್ತದೆ. ಬಸ್ಸಿನ ದುಡ್ಡಿಗೆ ಗಂಡನ ಮುಂದೆ ಕೈಚಾಚಬೇಕು. ಇಬ್ಬರಿಗೂ ಸೋಂಕಿದ್ದರೆ ಗಂಡನ ಔಷಧ, ಆರೈಕೆಗೆ ಮೊದಲ ಸ್ಥಾನ. ಆತ ತೀರಿಕೊಂಡರೆ ಹೆಂಡತಿಯನ್ನು ಮನೆಯಿಂದ ಹೊರಹಾಕಿ, ಹೊಲದ ಪಾಲು ನಿರಾಕರಿಸುವುದೂ ಉಂಟು.

ಆದರೆ ಈಗಿನ ಚಿಕಿತ್ಸೆ ಮೊದಲಿನಷ್ಟು ಕಷ್ಟದ್ದಲ್ಲ. 2017ರಿಂದ ಸೋಂಕು ಖಚಿತವಾದ ಎಲ್ಲರಿಗೂ, ಸಿಡಿ4 ಎಷ್ಟೇ ಇದ್ದರೂ, ಚಿಕಿತ್ಸೆ ಕೊಡಲಾಗುತ್ತಿದೆ. ಡೊಲುಟೆಗ್ರಾವಿರ್ ಇರುವ, ದಿನಕ್ಕೊಂದೇ ಮಾತ್ರೆಯ ಪದ್ಧತಿ ಬಂದಿದೆ. ತಪ್ಪದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪ್ರಮಾಣ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಪುಣೆ ಮತ್ತು ಚೆನ್ನೈ ಕೇಂದ್ರಗಳೂ ಪಾಲ್ಗೊಂಡಿದ್ದ ಅಂತಾರಾಷ್ಟ್ರೀಯ ಅಧ್ಯಯನವೊಂದು, ಬೇಗ ಚಿಕಿತ್ಸೆ ಆರಂಭಿಸಿದರೆ ಸಂಗಾತಿಗೆ ಸೋಂಕು ಹರಡುವುದು ಶೇ 96ರಷ್ಟು ತಗ್ಗುತ್ತದೆ ಎಂದು 2011ರಲ್ಲೇ ತೋರಿಸಿತ್ತು.

ಕಾನೂನು ಏನು ಹೇಳುತ್ತದೆ?

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆ 2017ರಲ್ಲಿ ಅಂಗೀಕಾರವಾಗಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಮುಖ್ಯ ಅಂಶಗಳು ಹೀಗಿವೆ:

- ಕಾಯ್ದೆಯಲ್ಲಿ ಹೇಳಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ, ವ್ಯಕ್ತಿಯ ತಿಳಿವಳಿಕೆಯುಳ್ಳ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ. ಗರ್ಭಿಣಿಗೂ ಇದು ಅನ್ವಯ.
- ಒಬ್ಬರ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆ ಇಲ್ಲದೆ ಬಹಿರಂಗಪಡಿಸುವಂತಿಲ್ಲ.
- ಸಂಗಾತಿಗೆ ವಿಷಯ ತಿಳಿಸಲು ವೈದ್ಯರು, ಸಮಾಲೋಚಕರಿಗೆ ಷರತ್ತುಬದ್ಧ ಅವಕಾಶವಿದೆ. ಆದರೆ ಸೋಂಕಿತ ಮಹಿಳೆಗೆ ಹಿಂಸೆ ಅಥವಾ ಮನೆಯಿಂದ ಹೊರದೂಡುವ ಭಯ ಇದ್ದರೆ ಆಕೆಯ ಸಂಗಾತಿಗೆ ತಿಳಿಸುವಂತಿಲ್ಲ.
- ಉದ್ಯೋಗ, ಶಿಕ್ಷಣ, ಚಿಕಿತ್ಸೆ, ಬಾಡಿಗೆ ಮನೆ ವಿಷಯದಲ್ಲಿ ತಾರತಮ್ಯ ನಿಷಿದ್ಧ.
- ಕುಟುಂಬ ವಾಸವಿರುವ ಮನೆಯಲ್ಲಿ ಉಳಿಯುವ ಹಕ್ಕು ಕೆಲವು ವರ್ಗದ ಸೋಂಕಿತರು ಮತ್ತು ಬಾಧಿತರಿಗಿದೆ. ಮಹಿಳೆಯರಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯೂ ಈ ಹಕ್ಕು ಕೊಡುತ್ತದೆ.
- ನ್ಯಾಯಾಲಯದಲ್ಲಿ ಹೆಸರು ಮರೆಮಾಚಿ ವಿಚಾರಣೆ ನಡೆಸಲು ಕೋರಬಹುದು.
- ದೂರು ವಿಚಾರಿಸಲು ರಾಜ್ಯ ಸರ್ಕಾರ ಒಂಬುಡ್ಸ್‌ಮನ್ ನೇಮಿಸಬೇಕು.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಕಾಯ್ದೆ ಸರ್ಕಾರ ‘ಸಾಧ್ಯವಾದಷ್ಟು ಮಟ್ಟಿಗೆ’ ಒದಗಿಸಬೇಕು ಎಂದಷ್ಟೇ ಹೇಳುತ್ತದೆ. ಇದಕ್ಕೆ ಸೋಂಕಿತರ ಸಂಘಟನೆಗಳಿಂದ ಆಕ್ಷೇಪವೂ ಬಂದಿತ್ತು.

ಪರೀಕ್ಷೆ ಎಲ್ಲಿ, ಹೇಗೆ?

ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ, ಅಂದರೆ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಉಚಿತವಾಗಿ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಮುಂಚೆ ಮತ್ತು ನಂತರ ಸಮಾಲೋಚಕರು ಪ್ರತ್ಯೇಕವಾಗಿ ಮಾತನಾಡುತ್ತಾರೆ. ಒಂದೇ ಪರೀಕ್ಷೆ ನೋಡಿ ಪಾಸಿಟಿವ್ ಎಂದು ಘೋಷಿಸುವುದಿಲ್ಲ. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಚಿತವಾಗಬೇಕು. ಇತ್ತೀಚೆಗಷ್ಟೇ ಸೋಂಕು ತಗುಲಿದ್ದರೆ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಕಾಣದಿರಬಹುದು. ಅಂತಹವರು ಸಮಾಲೋಚಕರು ಹೇಳಿದ ಅವಧಿಯ ನಂತರ ಮತ್ತೆ ಬರಬೇಕು.

ಮಾಹಿತಿಗೆ ನ್ಯಾಕೋದ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಬಹುದು. ಕರ್ನಾಟಕದಲ್ಲಿ ಸೋಂಕಿತ ಮಹಿಳೆಯರ ಸ್ವಂತ ದುಡಿಮೆಗೆ ನೆರವಾಗಲು ಮಹಿಳಾ ಅಭಿವೃದ್ಧಿ ನಿಗಮದ ‘ಧನಶ್ರೀ’ ಯೋಜನೆಯಿದೆ.

ಮದುವೆಯಾದವರಿಗೆ, ಮದುವೆ ನಿಶ್ಚಯವಾದವರಿಗೆ ಸಮಾಲೋಚಕರು ಕೊಡುವ ಸಲಹೆ ಸರಳ: ಇಬ್ಬರೂ ಒಂದೇ ದಿನ ಬನ್ನಿ. ಒಂದೇ ದಿನ ಇಬ್ಬರಿಗೂ ಪರೀಕ್ಷೆಯಾದರೆ ‘ಮೊದಲು ಯಾರಿಗೆ ಗೊತ್ತಾಯಿತು’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೆಂಡತಿ ತಾಯಿ ಕಾರ್ಡ್ ಮಾಡಿಸಲು ಹೊರಟ ದಿನ ಗಂಡ ಬಾಗಿಲಲ್ಲಿ ಕಾಯುವ ಬದಲು ಒಳಗೆ ಹೋಗಿ ತೋಳು ಚಾಚಿದರೆ, ಇಬ್ಬರ ಚಿಕಿತ್ಸೆಯೂ ಬೇಗ ಶುರುವಾಗುತ್ತದೆ. ಹುಟ್ಟುವ ಮಗುವೂ ಸುರಕ್ಷಿತವಾಗಿರುತ್ತದೆ.